ನೀಲಿ ಅಂದರೆ ತಣ್ಣಗೆ

ಮೊನ್ನೆ ಭಾನುವಾರ ಮಧ್ಯಾಹ್ನ ಸಿಡ್ನಿಯ ಅಂಚಿನ ನಮ್ಮ ಸ್ಕೋಫೀಲ್ಡ್ಸಿನಲ್ಲಿ ಕರೆಂಟು ಹೋಯಿತು. ಎಂಥ ಬಿಸಿಲು ಅಂತೀರಿ, ಬಕೆಟ್ಟಿನ ಕೊನೆಯ ಬಟ್ಟೆ ಒಣಹಾಕುವಷ್ಟರಲ್ಲಿ ಮೊದಲು ಹಾಕಿದ್ದು ಒಣಗಿ ಹಪ್ಪಳವಾಗಿತ್ತು. ನಮ್ಮ ಬಡಾವಣೆಯಲ್ಲಿ ಮನೆಗಳು ಒಂದಕ್ಕೊಂದು ಎಷ್ಟು ಹತ್ತಿರವೆಂದರೆ ಪಕ್ಕದ ಮನೆಯ ಕುಕ್ಕರ್ ಕೂಗಿದರೆ ನಾನೆದ್ದು ನಮ್ಮ ಒಲೆ ಆರಿಸುತ್ತೇನೆ. ಆದರೆ ನೆರಳು ಕೊಡಬೇಕಾದ ಮರಗಳು ಮಾತ್ರ ಇನ್ನೂ ಮೊಣಕಾಲೆತ್ತರದಲ್ಲೇ ಇವೆ. ಏಸಿ ನಿಂತ ಮನೆಯಲ್ಲಿ ಕೂತು, ಗಾಳಿ ಬೀಸಿಕೊಳ್ಳಲು ಏನಾದರೂ ಸಿಗುತ್ತದೆಯೇ ಎಂದು ಅಡುಗೆಮನೆಯ ಮೂರನೇ ಡ್ರಾಯರ್ ಎಳೆದೆ.

ಆ ಡ್ರಾಯರ್ ನಿಮ್ಮ ಮನೆಯಲ್ಲೂ ಇರುತ್ತದೆ. ಸತ್ತ ಬ್ಯಾಟರಿ, ರಬ್ಬರ್ ಬ್ಯಾಂಡು, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಕೀಲಿಕೈ, ಹೋಟೆಲಿನವರು ಕೊಟ್ಟ ಸಾಸ್ ಪೊಟ್ಟಣ. ಎಸೆಯಲು ಮನಸ್ಸು ಬಾರದವರೆಲ್ಲ ಇಂಥದೊಂದನ್ನು ಸಾಕಿಕೊಂಡಿರುತ್ತಾರೆ. ಅದರ ತಳದಲ್ಲಿ ಒಂದು ನೀಲಿ ಕಾರ್ಡು ಸಿಕ್ಕಿತು. ಅಂಗೈಗಿಂತ ತುಸು ದೊಡ್ಡದು, ದಪ್ಪ ರಟ್ಟು, ಒಂದು ಮೂಲೆಯಲ್ಲಿ ಹಳದಿಗಟ್ಟಿದ ಕಲೆ. ಬೀಸಿಕೊಂಡರೆ ಗಾಳಿಯ ಜೊತೆ ಸಣ್ಣಗೆ ಇಂಗಿನ ವಾಸನೆಯೂ ಬಂತು. ಇಷ್ಟು ವರ್ಷವಾದರೂ ಹೋಗಿಲ್ಲವಲ್ಲ ಎಂದು ನಗು ಬಂದು, ಸಮಾಧಾನಮ್ಮನವರು ಕಣ್ಣಮುಂದೆ ನಿಂತರು.

ಸಮಾಧಾನಮ್ಮ ಗದಗಿನವರು. ಆ ಕಡೆಯ ಕನ್ನಡ ಕ್ರೈಸ್ತ ಸಭೆಯೊಂದರಲ್ಲಿ ಬಹಳ ವರ್ಷ ಪಾದ್ರಿಗಳಾಗಿದ್ದವರ ಹೆಂಡತಿ, ಗಂಡನನ್ನು ಕರೆಯುತ್ತಿದ್ದದ್ದೂ ಅಯ್ಯನೋರು ಎಂದೇ. ಗಂಡ ತೀರಿಕೊಂಡ ಮೇಲೆ ಇಲ್ಲೇ ಸಿಡ್ನಿಯ ಎಪ್ಪಿಂಗಿನಲ್ಲಿರುವ ಮಗನ ಫ್ಲ್ಯಾಟಿಗೆ ಬಂದರು. ಹೆಸರು ಇಟ್ಟವರು ಮಗು ಬೆಳೆದಂತೆ ಹೆಸರಿಗೆ ಹೊಂದಿಕೊಳ್ಳುತ್ತದೆ ಎಂದುಕೊಂಡಿರಬೇಕು, ಪಾಪ. ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ಅಸಮಾಧಾನ, ಪಾದ್ರಿಗಳ ಪ್ರಸಂಗ ಉದ್ದವಾದರೆ ಅಸಮಾಧಾನ, ಗಿಡ್ಡವಾದರೆ ಇನ್ನೂ ಹೆಚ್ಚಿನ ಅಸಮಾಧಾನ. ಎಪ್ಪಿಂಗಿನ ಚರ್ಚಿನಲ್ಲಿ ಬೆಳಿಗ್ಗೆ ಇಂಗ್ಲಿಷಿನವರ ಆರಾಧನೆ ಮುಗಿದ ಮೇಲೆ, ತಿಂಗಳಿಗೆರಡು ಸಲ, ಅದೇ ಬೆಂಚುಗಳ ಮೇಲೆ ನಮ್ಮ ಪುಟ್ಟ ಕನ್ನಡ ಸಭೆ ಸೇರುತ್ತದೆ. ಅದನ್ನು ನಡೆಸುವ ಹಿರಿಯರ ಹುದ್ದೆ ಆಗ ಸಮಾಧಾನಮ್ಮನದು. ಆಯ್ಕೆಯಾದದ್ದು ಯಾವಾಗ ಎಂದು ಯಾರಿಗೂ ನೆನಪಿಲ್ಲ. ತೆಗೆಯುವ ಧೈರ್ಯ ಯಾರಿಗೂ ಇಲ್ಲದ್ದರಿಂದ ಮುಂದುವರಿದಿದ್ದರು.

ಇನ್ನು ಜೋಯಲ್. ಅವನ ಅಪ್ಪ ಅಮ್ಮ ನಮ್ಮ ಮೈಸೂರು ಕಡೆಯವರೇ, ಇಬ್ಬರೂ ಆಸ್ಪತ್ರೆಯಲ್ಲಿ ಪಾಳಿ ಕೆಲಸದವರು. ಸಮಾಧಾನಮ್ಮನವರ ಮಗನ ಫ್ಲ್ಯಾಟಿನ ಎದುರು ಬಾಗಿಲು. ಹೀಗಾಗಿ ಶಾಲೆ ಬಿಟ್ಟ ಹುಡುಗ ಸಂಜೆಯವರೆಗೂ ಈ ಅಜ್ಜಿಯ ಅಡುಗೆಮನೆಯಲ್ಲೇ ಬೆಳೆದ. ನಮ್ಮ ಮಕ್ಕಳೆಲ್ಲ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ, ಜೋಯಲ್ ಒಬ್ಬ ಮಾತ್ರ ಆಸ್ಟ್ರೇಲಿಯಾದ ರಾಗದಲ್ಲಿ ಗದಗಿನ ಕನ್ನಡ ಮಾತಾಡುತ್ತಿದ್ದ. "ಹೌದ್ರಿ ಆಂಟಿ, ಬರ್ತೇನ್ರಿ ಆಂಟಿ" ಎಂದು ಅವನು ಅಂದರೆ, ಮೈಸೂರಿನ ಅವನ ತಾಯಿ ನನ್ನ ಮುಖ ನೋಡಿ, "ಇದು ಯಾರ ಮಗುವೋ ಏನೋ ಕಣ್ರೀ" ಎಂದು ನಗುತ್ತಿದ್ದಳು. ಸಮಾಧಾನಮ್ಮನನ್ನು ಅವನು ಕರೆಯುತ್ತಿದ್ದದ್ದು ಆಯಿ ಎಂದು, ಆ ಕಡೆಯವರು ಅಜ್ಜಿಯನ್ನು ಕರೆಯುವ ಹಾಗೆ.

ಈ ಹುಡುಗ ಪಾದ್ರಿಯಾಗುತ್ತೇನೆಂದು ಮೆಲ್ಬರ್ನಿಗೆ ದೇವಶಾಸ್ತ್ರ ಓದಲು ಹೋದಾಗ ಆಯಿ ಹಿಗ್ಗಿದ್ದೇ ಹಿಗ್ಗಿದ್ದು. ಓದು ಮುಗಿಯುತ್ತ ಬಂದಾಗ ಒಮ್ಮೆ ರಜೆಗೆ ಬಂದವನು ಅವರ ಅಡುಗೆಮನೆಯಲ್ಲಿ ಕೂತು, "ಆಯಿ, ಆಂಡ್ರ್ಯೂ ನನ್ನ ಬರೇ ಗೆಳೆಯ ಅಲ್ಲ. ನಾವಿಬ್ರೂ ಕೂಡಿ ಬಾಳ್ವಿ ಮಾಡಾಕತ್ತೇವಿ" ಎಂದು ಹೇಳಿದನಂತೆ. ಆಯಿ ಬಟ್ಟಲನ್ನು ಅವನತ್ತ ಸರಿಸಿ, "ಚಾ ಆರತೈತಿ, ಕುಡಿ" ಅಂದರಂತೆ. ಅಷ್ಟೇ. ಅದಾದ ಮೇಲೆ ಆ ಮಾತನ್ನು ಅವರೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅವನಿಗೆ ಬೇಕಾಗಿದ್ದ ಉತ್ತರ ಆ ಚಹಾದ ಬಟ್ಟಲಲ್ಲೇ ಉಳಿದುಹೋಯಿತು.

ನಮ್ಮದು ಪ್ರೆಸ್ಬಿಟೇರಿಯನ್ ಪರಂಪರೆಯ ಸಭೆ. ಬಿಷಪ್ಪರಿಲ್ಲ. ಯಾವುದನ್ನೂ ಮೇಲಿನಿಂದ ಒಬ್ಬರು ಹೇಳಿ ಮುಗಿಸುವಂತಿಲ್ಲ. ಕೂತು, ಮಾತಾಡಿ, ಚಹಾ ಕುಡಿದು, ಮತ್ತೆ ಮಾತಾಡಿ ತೀರ್ಮಾನಿಸಬೇಕು. ಸಲಿಂಗಪ್ರೇಮಿಗಳಿಗೆ ಪಾದ್ರಿ ದೀಕ್ಷೆ ಕೊಡಬಹುದೇ ಎಂಬ ಪ್ರಶ್ನೆ ಎದ್ದಾಗ ದೇಶದ ಮಹಾಸಭೆ ಅದನ್ನು ಒಂದೊಂದು ಪ್ರಾಂತಕ್ಕೂ ಕಳಿಸಿಕೊಟ್ಟಿತು. ಹೆಚ್ಚಿನ ಪ್ರಾಂತಗಳು ಹೂಂ ಅಂದರೆ ಹೂಂ, ಇಲ್ಲವೆಂದರೆ ಇಲ್ಲ. ಮೆಲ್ಬರ್ನಿನವರು ಒಪ್ಪಿಯಾಗಿತ್ತು. ಕೆಲವು ಕಡೆ ಬೇಡವೆಂದಿದ್ದರು. ಹಾಗೂ ಹೀಗೂ ತೂಗುತ್ತಿದ್ದ ತಕ್ಕಡಿ ಸಿಡ್ನಿಯ ನಮ್ಮ ಪ್ರಾಂತಕ್ಕೆ ಬಂದು ನಿಂತಿತ್ತು. ನಾವು ಬೇಡವೆಂದರೆ ಜೋಯಲ್ ಓದಿದ್ದೆಲ್ಲ ಅವನ ಕಪಾಟಿನಲ್ಲೇ ಇರಬೇಕಾಗಿತ್ತು.

ಪ್ರಾಂತದ ಮತದಾನಕ್ಕೆ ನಮ್ಮ ಕನ್ನಡ ಸಭೆಯಿಂದ ಇಬ್ಬರನ್ನು ಕಳಿಸಬೇಕು. ಒಬ್ಬರು ಸಮಾಧಾನಮ್ಮ, ಅದರಲ್ಲಿ ಮಾತಿಲ್ಲ. ಇನ್ನೊಬ್ಬಳು ನಾನು. ಕಾರ್ಯದರ್ಶಿಯಾದ ನಮ್ಮ ಮನೆಯವರು ಕೈ ಎತ್ತಿ ನನ್ನ ಹೆಸರು ಹೇಳಿದಾಗ ನಾನು ಹಿಂದುಗಡೆ ಚಿತ್ರಾನ್ನ ಬಡಿಸುತ್ತಿದ್ದೆ. ಬೇಡವೆನ್ನಲು ಕೈ ಬಿಡುವಿರಲಿಲ್ಲ.

ನಮ್ಮ ಮನೆಯವರು ಐಟಿಯವರು. ಮನೆಗೆ ತರಕಾರಿ ತರುವುದನ್ನೂ ಸ್ಲೈಡ್ ಹಾಕಿ ವಿವರಿಸಬಲ್ಲರು. ಮತದಾನಕ್ಕೆ ಮುಂಚಿನ ಭಾನುವಾರ ನಮಗೆಲ್ಲ ತಿಳಿವಳಿಕೆ ಕೊಡಲು ಪ್ರೊಜೆಕ್ಟರ್ ಹಚ್ಚಿದರು. ಮೊದಲ ಸ್ಲೈಡಿನ ತಲೆಬರಹ "ಆ ವಿಷಯ" ಎಂದಿತ್ತು. ಸಲಿಂಗಪ್ರೇಮ ಎಂಬ ಪದವನ್ನು ಚರ್ಚಿನ ಗೋಡೆಯ ಮೇಲೆ ಬೆಳಗಿಸಲು ಅವರಿಗೆ ಕೈಬರಲಿಲ್ಲ. ಎರಡನೆಯ ಸ್ಲೈಡು "ಆ ವಿಷಯದ ಹಿನ್ನೆಲೆ." ಮೂರನೆಯದರಲ್ಲಿ ಎರಡು ಬಣ್ಣದ ಚೌಕಗಳು.

"ನೋಡಿ, ವೆರಿ ಸಿಂಪಲ್. ಅಲ್ಲಿ ಎಲ್ಲರಿಗೂ ಎರಡು ಕಾರ್ಡ್ ಕೊಡ್ತಾರೆ. ಯಾರಾದ್ರೂ ಮಾತಾಡಿದ ಮೇಲೆ ನಿಮ್ಮ ಫೀಲಿಂಗ್ ತೋರಿಸೋಕೆ ಒಂದನ್ನ ಎತ್ತಬೇಕು. ಕಿತ್ತಳೆ ಬಣ್ಣ ಅಂದ್ರೆ ಬಿಸಿ. ನೀಲಿ ಅಂದ್ರೆ ತಣ್ಣಗೆ."

"ಯಾವುದಕ್ಕೆ ಬಿಸಿ?" ಎಂದು ಯಾರೋ ಕೇಳಿದರು.

"ಆ ವಿಷಯಕ್ಕೆ" ಅಂದರು ಇವರು.

ಸಮಾಧಾನಮ್ಮ ಮುಂದಿನ ಬೆಂಚಿನಲ್ಲಿ ಕೂತು ಗಂಭೀರವಾಗಿ ತಲೆಯಾಡಿಸಿದರು. ಅರ್ಥವಾಯಿತೇ ಎಂದು ಕೇಳಿದ್ದಕ್ಕೆ, "ಬಿಸಿ, ತಣ್ಣಗ. ಅದರಾಗೇನೈತಿ ತಿಳೀಲಾರದ್ದು" ಅಂದರು.

ಆ ಶನಿವಾರ ನಮ್ಮ ಮನೆಯವರೇ ಕಾರಿನಲ್ಲಿ ಕರೆದೊಯ್ದರು. ಸಭೆ ಇದ್ದದ್ದು ಪ್ಯಾರಮಟ್ಟಾ ಹತ್ತಿರದ ಒಂದು ಚರ್ಚ್ ಹಾಲಿನಲ್ಲಿ. ಇಷ್ಟು ದೂರ ಬಂದು ನಮ್ಮವರ ಅಂಗಡಿಗಳಿರುವ ಹ್ಯಾರಿಸ್ ಪಾರ್ಕಿನಲ್ಲಿ ಇಳಿಯದಿದ್ದರೆ ಹೇಗೆಂದು ಸಮಾಧಾನಮ್ಮ ಕರಿಬೇವಿನ ಕಟ್ಟು ಕೊಂಡರು. ಹೀಗೆ ದೇಶದ ಸಭೆಯ ದಿಕ್ಕು ನಿರ್ಧರಿಸಲು ನಾವು ಒಳಗೆ ಹೋದದ್ದು ಕರಿಬೇವಿನ ಘಮಲಿನೊಂದಿಗೆ. ಅವರ ಚೀಲದಲ್ಲಿ ಫ್ಲಾಸ್ಕು ಬೇರೆ ಇತ್ತು. ಜೋಯಲ್ ಮೆಲ್ಬರ್ನಿನಿಂದ ಬರುತ್ತಾನೆ, ಅವನಿಗೆ ಇಂಗಿನ ಒಗ್ಗರಣೆ ಹಾಕಿದ ಮಜ್ಜಿಗೆ.

ಜೋಯಲ್ ಬಂದಿದ್ದ. ಮತವಿಲ್ಲದವರು ಹಿಂದಿನ ಕುರ್ಚಿಗಳಲ್ಲಿ ಕೂತು ನೋಡಬಹುದಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕ್ಷೌರ ಮಾಡಿ ಕೆಂಪಾದ ಕೆನ್ನೆ. ಸಮಾಧಾನಮ್ಮನನ್ನು ನೋಡಿ ದೂರದಿಂದಲೇ ಕೈಮುಗಿದ. ಹಾಲಿನಲ್ಲಿ ನೂರಾರು ಜನ. ಅಧ್ಯಕ್ಷೆ ಬಿಳಿ ಕೂದಲಿನ, ಮೆತ್ತಗಿನ ಮಾತಿನ ಹೆಂಗಸು. ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಬೇಡವೆನ್ನುವವರೂ ಕೂಗಾಡಲಿಲ್ಲ, ಬೇಕೆನ್ನುವವರೂ ಮೇಜು ಗುದ್ದಲಿಲ್ಲ. ನಮ್ಮ ಬಡಾವಣೆಯ ಪಾರ್ಕಿಂಗ್ ಮೀಟಿಂಗಿಗೂ ಇವರನ್ನು ಕರೆಸಬೇಕೆಂದು ನಾನು ಅಂದುಕೊಂಡೆ. ಕೊನೆಗೆ ಅಧ್ಯಕ್ಷೆ ಕಾರ್ಡು ತೋರಿಸಿ ಎಂದರು.

ಕಿತ್ತಳೆ ಬಣ್ಣ ಗುಂಪುಗುಂಪಾಗಿ ಎದ್ದಿತು. ಅಲ್ಲಲ್ಲಿ ನೀಲಿ. ಎಲ್ಲರೂ ಎದೆಯ ಮಟ್ಟಕ್ಕೆ ಹಿಡಿದಿದ್ದರೆ, ನನ್ನ ಪಕ್ಕದಲ್ಲಿ ಸಮಾಧಾನಮ್ಮ ಕೈ ನೆಟ್ಟಗೆ ಮಾಡಿ, ಬೆರಳ ತುದಿಯಲ್ಲಿ, ತಲೆಗಿಂತ ಎತ್ತರಕ್ಕೆ ಒಂದು ನೀಲಿ ಕಾರ್ಡು ಹಿಡಿದಿದ್ದರು. ಮುಖದಲ್ಲಿ ಅಪರೂಪದ ಸಮಾಧಾನ. ನನ್ನ ಕಿತ್ತಳೆ ಕಾರ್ಡು ಕೈಯಲ್ಲೇ ವಾಲಿತು. ಹಿಂತಿರುಗಿ ನೋಡಿದೆ. ಜೋಯಲ್ ಆ ಕಾರ್ಡನ್ನೇ ನೋಡುತ್ತಿದ್ದ. ವರ್ಷಗಟ್ಟಲೆ ಕಾದಿದ್ದ ಉತ್ತರ ಸಿಕ್ಕಿತಲ್ಲ ಎನ್ನುವಂತೆ ನಿಧಾನಕ್ಕೆ ಕಣ್ಣು ಕೆಳಗೆ ಮಾಡಿದ.

ಒಮ್ಮತ ಬರಲಿಲ್ಲ. ಚಹಾ ವಿರಾಮವಾಯಿತು. ಸಮಾಧಾನಮ್ಮ ಫ್ಲಾಸ್ಕು ಹಿಡಿದು ಜನರ ನಡುವೆ ನುಗ್ಗಿ ಜೋಯಲ್ ಇದ್ದಲ್ಲಿಗೆ ಹೋದರು. "ತಗೋ ಅಪ್ಪಿ, ಕುಡಿ."

ಅವನು ನಗಲು ಪ್ರಯತ್ನಿಸಿ, "ನೋ ಥ್ಯಾಂಕ್ಸ್. ಐಯಾಮ್ ಫೈನ್, ರಿಯಲೀ" ಎಂದು ಹೇಳಿ ಹೊರಗೆ ನಡೆದ.

ಇಂಗ್ಲಿಷಿನಲ್ಲಿ! ಅಜ್ಜಿಯ ಜೊತೆ ಅವನು ಇಂಗ್ಲಿಷ್ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆಯಿ ಎಂದೂ ಅನ್ನಲಿಲ್ಲ. ಸಮಾಧಾನಮ್ಮ ಮುಚ್ಚಳದ ತುಂಬ ಮಜ್ಜಿಗೆ ಹಿಡಿದುಕೊಂಡು ನನ್ನ ಹತ್ತಿರ ಬಂದು ಕೂತರು.

"ಏನವಾ, ಆ ಹುಡುಗಗ ಏನಾಗೇತಿ? ಮಜ್ಜಿಗಿ ಒಲ್ಲೆ ಅಂತಾನ."

ನನಗೂ ಒಳಗೊಳಗೆ ಉರಿಯುತ್ತಿತ್ತು. "ಇನ್ನೇನು ಮಾಡ್ತಾನೆ ಅಮ್ಮಾ? ಎಲ್ಲರೆದುರಿಗೆ ನೀವು ಹೋಗಿ ಹೋಗಿ ನೀಲಿ ಎತ್ತಿದ್ರಲ್ಲ!"

"ನೀಲಿ ಎತ್ತದ ಮತ್ತೇನ್ ಎತ್ತಬೇಕಿತ್ತು? ನಾ ಸಾಕಿದ ಹುಡುಗಗ ಬೆಂಕಿ ಬಣ್ಣದ್ದು ತೋರಸ್ಲೇನು? ಅವನ ಹೊಟ್ಟಿ ತಣ್ಣಗಿರ್ಲಿ ಅಂತ ಎತ್ತೇನಿ. ಎಲ್ಲಾರಿಗಿಂತ ಮ್ಯಾಲೆ ಎತ್ತೇನಿ. ಕಾಣ್ಲಿಲ್ಲೇನು ಅವಂಗ?"

"ಕಾಣಿಸಿದೆ. ಅದೇ ಆಗಿರೋದು" ಎನ್ನುತ್ತ ನಾನು ನಗಬೇಕೋ ಅಳಬೇಕೋ ತಿಳಿಯದೆ ಹಣೆ ಹಿಡಿದುಕೊಂಡೆ.

ನೀವೇ ಹೇಳಿ, ತಪ್ಪು ಯಾರದು? ನಮ್ಮ ಭಾಷೆಯಲ್ಲಿ ಊಟ, ಕಾಫಿ, ಸ್ನಾನದ ನೀರು ಬಿಟ್ಟರೆ ಬಿಸಿಯಾದದ್ದು ಯಾವುದು ಒಳ್ಳೆಯದು? ತಲೆಬಿಸಿ ಬೇಡ. ಕೈ ಬಿಸಿ ಮಾಡುವುದು ಲಂಚ. ಒಬ್ಬರಿಗೆ ಬಿಸಿ ಮುಟ್ಟಿಸಿದರೆ ಅವರು ಮತ್ತೆ ನಮ್ಮ ಮನೆ ಕಡೆ ಬರುವುದಿಲ್ಲ. ಹರಸುವಾಗ ಹೊಟ್ಟೆ ತಣ್ಣಗಿರಲಿ ಎನ್ನುತ್ತೇವೆ. ಇಂಗ್ಲಿಷಿನವರು ಚಳಿಯಲ್ಲಿ ಹಲ್ಲು ಕಡಿಯುತ್ತ ಭಾಷೆ ಕಟ್ಟಿದವರು. ಅವರಿಗೆ ಸ್ವಾಗತವೂ ಬೆಚ್ಚಗಿರಬೇಕು, ಮನಸ್ಸೂ ಬೆಚ್ಚಗಿರಬೇಕು. ಮೊಟ್ಟೆ ಒಡೆದರೆ ರಸ್ತೆಯ ಮೇಲೆ ಬೇಯುವ ಈ ದೇಶಕ್ಕೆ ಬಂದ ಮೇಲಾದರೂ ಅವರು ಅದನ್ನು ಬದಲಾಯಿಸಬಹುದಿತ್ತು. ಇದನ್ನೆಲ್ಲ ಯೋಚಿಸದೆ ನಮ್ಮ ಮನೆಯವರು ಎರಡು ಬಣ್ಣದ ಚೌಕ ಹಾಕಿ ವೆರಿ ಸಿಂಪಲ್ ಅಂದಿದ್ದರು.

ಸಮಾಧಾನಮ್ಮನಿಗೆ ವಿವರಿಸಿ ಹೇಳಿದೆ. ಇವರಿಗೆ ಬಿಸಿ ಅಂದರೆ ಒಪ್ಪಿಗೆ, ತಣ್ಣಗೆ ಅಂದರೆ ಬೇಡ. ಕೇಳುತ್ತ ಕೇಳುತ್ತ ಅವರು ದಿಗ್ಗನೆ ತಿರುಗಿದ ರಭಸಕ್ಕೆ ಮಜ್ಜಿಗೆ ತುಳುಕಿ ಮಡಿಲಲ್ಲಿದ್ದ ನೀಲಿ ಕಾರ್ಡಿನ ಮೇಲೆ ಚೆಲ್ಲಿತು.

"ಇಷ್ಟು ಸೆಕಿಯೊಳಗ ಬಿಸಿ ಅಂದ್ರ ಚಲೋ ಅಂತಾರ? ಏನ್ ಮಂದಿಯವಾ ಇವರು!" ಎಂದವರು, ತಕ್ಷಣ, "ಹೋಗು, ಅವಂಗ ಹೇಳು. ಹೊಟ್ಟಿ ವಿಷಯ ಹೇಳು. ಓಡು" ಅಂದರು.

"ಹೇಳ್ತೀನಿ. ನೀವು ಮುಂದಿನ ಸಲ ಕಿತ್ತಳೆ ಎತ್ತಿಬಿಡಿ, ಸರಿಹೋಗತ್ತೆ."

ಆಗ ಅವರು ನನ್ನ ಸೆರಗು ಹಿಡಿದು ನಿಲ್ಲಿಸಿದರು. "ಹಂಗಲ್ಲ ನೋಡವಾ. ಹುಡುಗ ಚಂದಾಗಿರ್ಲಿ ಅನ್ನೂದು ಒಂದು. ಅಂವ ಪಾದ್ರಿ ಆಗಿ ಪ್ರಭುಭೋಜನದಾಗ ನನ್ನ ಕೈಯಾಗ ಕರ್ತನ ರೊಟ್ಟಿ ಇಡೋದು ಇನ್ನೊಂದು. ನಮ್ಮ ಅಯ್ಯನೋರು ಇಡೋ ಮುಂದ ಆ ಕೈ ನೋಡೇನಿ ನಾನು. ಇದನ್ನ ನಾ ಇನ್ನೂ ವಿಚಾರ ಮಾಡಬೇಕು."

ಕಾರ್ಡಿನ ಬಣ್ಣ ತಿದ್ದಿದರೆ ಎಲ್ಲ ಮುಗಿಯಿತೆಂದುಕೊಂಡಿದ್ದ ನಾನು ಸೆರಗು ಬಿಡಿಸಿಕೊಂಡು ಹೊರಗೆ ಓಡಿದೆ.

ಜೋಯಲ್ ಕಾರುಗಳ ನಡುವೆ ನಿಂತು ಏರ್‌ಪೋರ್ಟಿಗೆ ಟ್ಯಾಕ್ಸಿ ಬುಕ್ ಮಾಡುತ್ತಿದ್ದ. ನಾನು ಏದುಸಿರು ಬಿಡುತ್ತ ಹೋಗಿ, "ಜೋಯಲ್, ಆಯಿ ಎತ್ತಿದ್ದು ತಣ್ಣಗೆ" ಅಂದೆ.

"ಐ ನೋ, ಆಂಟಿ. ಕೂಲ್. ಐ ಸಾ."

"ಕೂಲ್ ಅಲ್ಲಪ್ಪ, ತಣ್ಣಗೆ! ಹೊಟ್ಟಿ ತಣ್ಣಗೆ!"

ಅವನು ಫೋನು ಕೆಳಗಿಳಿಸಿದ. ಆಮೇಲೆ ತುಟಿಯಲ್ಲೇ "ಹೊಟ್ಟಿ ತಣ್ಣಗ" ಎಂದುಕೊಂಡ. ಹಾಗೇ ಅಲ್ಲಿದ್ದ ಕಟ್ಟೆಯ ಮೇಲೆ ಕೂತು, ಇಸ್ತ್ರಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ ನಗತೊಡಗಿದ. "ಅಯ್ಯೋ ಆಯೀ" ಎನ್ನುವುದು, ಮತ್ತೆ ನಗುವುದು. ಅವನಿಗೆ ಅರ್ಧ ಮಾತು ಹೇಳಿ ಬಿಡಲು ನನಗೆ ಮನಸ್ಸಾಗಲಿಲ್ಲ. ಪಾದ್ರಿಯ ವಿಷಯ ಮಾತ್ರ ಅವರಿನ್ನೂ ವಿಚಾರ ಮಾಡಬೇಕಂತೆ ಎಂದೂ ಸೇರಿಸಿದೆ.

"ಮಾಡ್ಲಿ ಬಿಡ್ರಿ. ನಾನೂ ಎಷ್ಟೋ ವರ್ಷ ವಿಚಾರ ಮಾಡೇನಿ" ಅಂದ ಜೋಯಲ್. ಎದ್ದು ಪ್ಯಾಂಟು ಕೊಡವಿಕೊಂಡು, "ಮಜ್ಜಿಗಿ ಉಳದೈತೇನ್ರಿ ಆಂಟಿ?" ಎಂದು ಕೇಳಿದ.

ಅಜ್ಜಿ ಮೊಮ್ಮಗ ಮಜ್ಜಿಗೆ ಕುಡಿದದ್ದಾಯಿತು, ಕಥೆ ಮುಗಿಯಬೇಕಿತ್ತು. ಆದರೆ ಸಮಾಧಾನಮ್ಮ ಇರುವಲ್ಲಿ ಯಾವುದು ಅಷ್ಟು ಸುಲಭವಾಗಿ ಮುಗಿದೀತು? ವಿರಾಮದ ನಂತರ ಮತ್ತೆ ಮಾತುಗಳು ಶುರುವಾದವು. ಗಡ್ಡದ ಮುದುಕರೊಬ್ಬರು ಮೊದಲು ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದರು. ಆಗ ನೋಡುತ್ತೇನೆ, ಸಮಾಧಾನಮ್ಮ ಎರಡೂ ಕಾರ್ಡುಗಳನ್ನು ಕತ್ತರಿಯಂತೆ ಒಂದರ ಮೇಲೊಂದು ಅಡ್ಡ ಹಿಡಿದು ಕೈ ಎತ್ತಿದ್ದಾರೆ. ಅವರ ಪ್ರಕಾರ ಅದು ಪ್ರಾಮಾಣಿಕ ಉತ್ತರ. ಒಳಗೆ ಎರಡೂ ಇವೆ, ಎರಡನ್ನೂ ತೋರಿಸುತ್ತಿದ್ದಾರೆ. ಆದರೆ ಅಲ್ಲಿಯ ಪದ್ಧತಿಯಲ್ಲಿ ಅಡ್ಡ ಹಿಡಿದ ಕಾರ್ಡಿಗೆ ಬೇರೆಯೇ ಅರ್ಥ. ಮಾತು ಸಾಕು, ಮುಂದಕ್ಕೆ ಹೋಗೋಣ ಎಂದು. ಈ ಸ್ಲೈಡನ್ನು ನಮ್ಮ ಮನೆಯವರು ಊಟಕ್ಕೆ ಹೊತ್ತಾಯಿತೆಂದು ಬಿಟ್ಟಿದ್ದರು.

ಅಧ್ಯಕ್ಷೆ ಕಂಡರು. "ಸೀರೆ ಉಟ್ಟಿರುವ ನಮ್ಮ ಹಿರಿಯ ಸಹೋದರಿಗೆ ಸಾಕಷ್ಟು ಕೇಳಿದ್ದೇವೆ ಅನ್ನಿಸಿದೆ. ನನಗೂ ಹಾಗೇ ಅನ್ನಿಸುತ್ತದೆ" ಎಂದು ಇಂಗ್ಲಿಷಿನಲ್ಲಿ ಅಂದರು. ಹಾಲಿನ ತುಂಬ ಅಡ್ಡ ಕಾರ್ಡುಗಳು ಎದ್ದವು. ಗಡ್ಡದವರು ಕೂತರು. ಇನ್ನು ಮತದ ಚೀಟಿ ಹಾಕಿ ತೀರ್ಮಾನಿಸೋಣವೆಂದಾಯಿತು. ಸಮಾಧಾನಮ್ಮ ನನ್ನ ಕಡೆ ತಿರುಗಿ ಪಿಸುಗುಟ್ಟಿದರು. "ನೋಡು, ನಾ ಏನ್ ಹೇಳಿದೆ ಅಂತ ಆಕಿಗೆ ಬರೋಬ್ಬರಿ ತಿಳೀತು."

ಚೀಟಿ ಬರೆಯುವಾಗ ಅವರು ಪರೀಕ್ಷೆಯಲ್ಲಿ ಪಕ್ಕದವಳು ನೋಡಿ ಬರೆದಾಳೆಂದು ಹೆದರುವ ಹುಡುಗಿಯಂತೆ ಸೆರಗು ಅಡ್ಡ ಹಿಡಿದು, ಬೆನ್ನು ನನ್ನ ಕಡೆ ಮಾಡಿದರು. ಎಣಿಸಿದಾಗ ಸ್ವಲ್ಪ ಅಂತರದಲ್ಲಿ ಒಪ್ಪಿಗೆ ಗೆದ್ದಿತು. ಚಪ್ಪಾಳೆ ಬೇಡವೆಂದು ಅಧ್ಯಕ್ಷೆ ಮೊದಲೇ ಹೇಳಿದ್ದರಿಂದ ಯಾರೂ ಕೈ ತಟ್ಟಲಿಲ್ಲ. ಸೋತವರಲ್ಲಿ ಕೆಲವರು ಅಳುತ್ತಿದ್ದರು, ಗೆದ್ದವರಲ್ಲೂ ಕೆಲವರು.

ವಾಪಸು ಬರುವಾಗ ಕಾರಿನಲ್ಲಿ ನಮ್ಮ ಮನೆಯವರು ತಡೆಯಲಾರದೆ ಕೇಳಿಯೇಬಿಟ್ಟರು. "ಕೊನೆಗೆ ಯಾವುದಕ್ಕೆ ಹಾಕಿದ್ರಿ ಅಮ್ಮಾ?"

"ಗುಪ್ತ ಮತ ಅಂದ್ರಲ್ಲ? ನಿನಗ ಹೇಳಿದ್ರ ಗುಪ್ತ ಹೆಂಗಾಕ್ಕತಿ? ನೀ ಮೊದಲ ಬಣ್ಣ ಕಲಿ" ಎಂದರು ಸಮಾಧಾನಮ್ಮ. ನಮ್ಮ ಮನೆಯವರು ರೇಡಿಯೋ ಹಾಕಿದರು. ಮಜ್ಜಿಗೆ ಬಿದ್ದ ನೀಲಿ ಕಾರ್ಡು, ಅವರು ನನಗೆ ಕೊಟ್ಟ ಕರಿಬೇವಿಗೆ ಅಂಟಿಕೊಂಡು ನನ್ನ ಚೀಲದಲ್ಲಿ ಬಂದಿತ್ತು. ಡ್ರಾಯರಿಗೆ ಹಾಕಿದೆ.

ಜೋಯಲನ ದೀಕ್ಷೆ ಮೆಲ್ಬರ್ನಿನಲ್ಲಾಯಿತು. ನಾವು ಹೋಗಿದ್ದೆವು. ಆಂಡ್ರ್ಯೂ ಬಾಗಿಲಲ್ಲಿ ನಿಂತು ಎಲ್ಲರಿಗೂ "ನಮಸ್ಕಾರಾ" ಎಂದು ಕೊನೆಯಕ್ಷರ ಎಳೆದು ಹೇಳುತ್ತಿದ್ದ. ಸಮಾಧಾನಮ್ಮ ಬರಲಿಲ್ಲ. ಮಂಡಿನೋವು. ಮಾರನೆಯ ವರ್ಷ ಅವರು ಮೆಲ್ಬರ್ನಿನಲ್ಲಿರುವ ಮಗಳ ಮನೆಗೆ ಹೋಗಿ ನೆಲೆಸಿದರು. ಜೋಯಲನ ಚರ್ಚು ಅಲ್ಲಿಂದ ಟ್ರ್ಯಾಮಿನಲ್ಲಿ ಸ್ವಲ್ಪ ದೂರ. ಪ್ರತಿ ಭಾನುವಾರ ತಪ್ಪದೆ ಹೋಗುತ್ತಾರೆ. ಮಧ್ಯಾಹ್ನ ನನಗೆ ಫೋನ್ ಮಾಡಿ ಪ್ರಸಂಗ ಉದ್ದವಾಯಿತೆಂದೋ ಗಿಡ್ಡವಾಯಿತೆಂದೋ ವರದಿ ಒಪ್ಪಿಸುತ್ತಾರೆ. ಆಂಡ್ರ್ಯೂ ಮಾಡುವ ಚಹಾ ಪಾತ್ರೆ ತೊಳೆದ ನೀರಿನ ಹಾಗಿರುತ್ತದಂತೆ, ಎರಡು ಬಟ್ಟಲು ಕುಡಿದು ಬರುತ್ತಾರೆ. ಆದರೆ ಪಾದ್ರಿ ರೊಟ್ಟಿ, ದ್ರಾಕ್ಷಿರಸ ಹಂಚುವ ಪ್ರಭುಭೋಜನದ ಹೊತ್ತಿಗೆ ಎಲ್ಲರೂ ಎದ್ದು ಮುಂದೆ ಹೋದರೆ ಇವರು ಬೆಂಚು ಬಿಡುವುದಿಲ್ಲ. ಮಂಡಿ. ಅದೇ ಮಂಡಿ ಮಾರ್ಕೆಟ್ಟಿನಲ್ಲಿ ಎಳೆ ಬದನೆಕಾಯಿ ಹುಡುಕುತ್ತ ಎಲ್ಲ ಅಂಗಡಿ ಸುತ್ತುತ್ತದೆಂದು ಮಗಳು ಹೇಳುತ್ತಾಳೆ. ಜೋಯಲ್ ಒಮ್ಮೆ ಕೂತಲ್ಲಿಗೇ ರೊಟ್ಟಿ, ದ್ರಾಕ್ಷಿರಸ ತರಲೇ ಎಂದು ಕೇಳಿದ್ದಕ್ಕೆ, "ಬ್ಯಾಡ, ಸಕ್ರಿ ಕಾಯಿಲಿ ಐತಿ" ಅಂದರಂತೆ. ಬೊಟ್ಟು ಗಾತ್ರದ ಲೋಟದಲ್ಲಿ ಎಷ್ಟು ಸಕ್ಕರೆ ಇದ್ದೀತು? ಅವನು ಮತ್ತೆ ಕೇಳಲಿಲ್ಲ. ಅವನಿಗೆ ಗೊತ್ತು, ವಿಚಾರ ನಡೆಯುತ್ತಿದೆ ಎಂದು.

ಇಷ್ಟನ್ನೂ ನೆನೆಯುತ್ತ ಮೊನ್ನೆ ನಾನು ಆ ಕಾರ್ಡಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಾಗ ಫೋನ್ ಬಂತು. ಸಮಾಧಾನಮ್ಮನವರೇ.

"ಮೆಲ್ಬರ್ನಲ್ಲೂ ಹೀಗೇ ಕಾಯ್ತಿದೆಯಾ ಅಮ್ಮಾ?" ಎಂದೆ.

"ಇವತ್ತ ಮುಂದ ಹೋದೆ" ಅಂದರು.

"ಎಲ್ಲಿಗೆ ಮುಂದೆ?"

"ಎಲ್ಲಿಗೆ ಅಂದ್ರ? ರೊಟ್ಟಿ ತಗೊಳಾಕ."

ನನ್ನ ಬೀಸುವ ಕೈ ನಿಂತಿತು. "ಮಂಡಿ?"

"ಅದೂ ನನ್ನ ಸಂಗಾಟನ ಬಂತು. ಬಿಟ್ಟು ಎಲ್ಲಿ ಹೋಗತೈತಿ?" ಅತ್ತ ಬಟ್ಟಲು ಕೆಳಗಿಟ್ಟ ಸದ್ದು. "ರೊಟ್ಟಿ ಇಡೋ ಮುಂದ ಅವನ ಕೈ ನಡಗತಿತ್ತವಾ. ನಮ್ಮ ಅಯ್ಯನೋರ್ದೂ ಹಂಗ ನಡಗತಿತ್ತು, ಮೊದಮೊದಲ. ನಾನ ಮರತಿದ್ದೆ."

"ಏನಂದ ಜೋಯಲ್?"

"ಎಲ್ಲಾರಿಗೂ ಅನ್ನೂದು ಇಂಗ್ಲಿಷ್‌ನ್ಯಾಗ ಅಂದ. ಆಮ್ಯಾಲೆ ನನಗಷ್ಟ ಕೇಳೂವಂಗ, ಆಯಿ ಅಂದ."

ಅಂದು ಚೀಟಿಯಲ್ಲಿ ಏನು ಬರೆದಿದ್ದಿರಿ ಎಂದು ಈಗಲಾದರೂ ಕೇಳಿಬಿಡೋಣ ಎಂದು ಬಾಯಿ ತುದಿಗೆ ಬಂದಿತ್ತು. ಕೇಳಲಿಲ್ಲ. ಅದರ ಬದಲು ಸುಮ್ಮನೆ ಕೆಣಕಿದೆ. "ಮತ್ತೆ ನಿಮ್ಮ ಸಕ್ಕರೆ ಕಾಯಿಲೆ?"

"ಸುಮ್ನಿರ" ಎಂದು ಗದರಿದರು. ಆಮೇಲೆ ದನಿ ತಗ್ಗಿಸಿ, "ಹೊಟ್ಟಿ ತಣ್ಣಗಾತವಾ" ಅಂದರು.

ಫೋನಿನಲ್ಲಿ ಅವರಿಗೆ ಕಾಣುವುದಿಲ್ಲ ಎಂದು ಗೊತ್ತಿತ್ತು. ಆದರೂ ನನ್ನ ಕೈ, ಆ ಸೆಕೆಯ ಅಡುಗೆಮನೆಯಲ್ಲಿ, ನೀಲಿ ಕಾರ್ಡನ್ನು ತಲೆಗಿಂತ ಎತ್ತರಕ್ಕೆ ಎತ್ತಿ ಹಿಡಿದಿತ್ತು.